ಅಪ್ಪನಿಗೆ 'ಜೀವಕೋಶ ರೀಚಾರ್ಜ್' ಮಾತ್ರೆ ಕೊಡಿಸಬೇಕಾ? ತಿಂಗಳಿಗೆ 4,200 ರೂಪಾಯಿ

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪನಿಗೆ 69. ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಅದು ಬೆಸ್ಕಾಂ ಆಗಿ ಎಷ್ಟೋ ವರ್ಷ ಆದರೂ ನಮ್ಮ ಮನೆಯಲ್ಲಿ ಇನ್ನೂ ಕೆಇಬಿಯೇ. ಕಂಬ ಹತ್ತಿ ಹತ್ತಿ ಗಟ್ಟಿಯಾದ ಕಾಲು ಅವರದು. ರಿಟೈರ್ ಆದ ಮೇಲೂ ದಿನಾ ಬೆಳಗ್ಗೆ ತೋಟಕ್ಕೆ ನಡೆದೇ ಹೋಗುತ್ತಿದ್ದರು, ಎರಡು ಕಿಲೋಮೀಟರ್ ಇರಬಹುದು. ಈಗ ಒಂದು ವರ್ಷದಿಂದ ಬೇರೆ ಮನುಷ್ಯನೇ ಆಗಿಬಿಟ್ಟಿದ್ದಾರೆ. ತೋಟಕ್ಕೆ ಹೋಗುವುದು ಬಿಟ್ಟರು. ಅಟ್ಟದ ಮೇಲೆ ಹಾಕಿರುವ ಕಾಯಿ ನೋಡಿ ಬರುತ್ತೇನೆ ಅಂತ ಹೊರಟವರು ಅರ್ಧ ಮೆಟ್ಟಿಲಿಗೆ ಕೂತುಬಿಡುತ್ತಾರೆ. ಕೇಳಿದರೆ "ಏನಿಲ್ಲ ಕಣಮ್ಮ, ವಯಸ್ಸಾಯ್ತು" ಅಷ್ಟೇ.

ಹೀಗಿರುವಾಗ ದೊಡ್ಡಪ್ಪನ ಮಗ ಹೋದ ತಿಂಗಳು ಒಂದು ಡಬ್ಬಿ ತಂದು ಅಪ್ಪನ ಕೈಗಿಟ್ಟ. ಮೇಲೆ ಬಂಗಾರದ ಬಣ್ಣದ ಬ್ಯಾಟರಿ ಚಿತ್ರ. "ಚಿಕ್ಕಪ್ಪ, ಮೊಬೈಲ್ ಹಳೇದಾದರೆ ಚಾರ್ಜ್ ನಿಲ್ಲಲ್ಲ ತಾನೇ, ಹಾಗೇ ನಿಮ್ಮ ಜೀವಕೋಶದ ಬ್ಯಾಟರಿನೂ ವೀಕ್ ಆಗಿದೆ, ಇದು ಅದನ್ನ ರೀಚಾರ್ಜ್ ಮಾಡುತ್ತೆ" ಅಂದ. ಲೈನ್‌ಮ್ಯಾನ್‌ಗೆ ಬ್ಯಾಟರಿ ಕಥೆ ಹೇಳಿದರೆ ಕೇಳಬೇಕಾ! ಪೂರ್ತಿ ಒಪ್ಪಿಬಿಟ್ಟರು. 60 ಮಾತ್ರೆಗೆ 4,200. ಆರು ತಿಂಗಳ ಕೋರ್ಸ್ ಅಂತೆ. ಅವನು ಕೆಳಗೆ ಜನ ಸೇರಿಸಿ ಮಾರುವ ಆ ಥರದ ಬಿಸಿನೆಸ್‌ಗೆ ಸೇರಿದ್ದಾನೆ, ಅದು ನಮಗೆಲ್ಲ ಗೊತ್ತು, ಆದರೆ ಮನೆ ಹುಡುಗ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕೂ ಆಗುವುದಿಲ್ಲ.

ಡಬ್ಬಿ ಹಿಂದೆ ಎನ್ಎಂಎನ್ 125 ಮಿಲಿಗ್ರಾಂ, ಕೋಕ್ಯೂ10 50 ಮಿಲಿಗ್ರಾಂ, ರೆಸ್ವೆರಾಟ್ರಾಲ್, ಇನ್ನೂ ಒಂದೆರಡು ಬೇರು ಸೊಪ್ಪಿನ ಹೆಸರು ಇದೆ.

ಅಪ್ಪನಿಗೆ ಶುಗರ್ 11 ವರ್ಷದಿಂದ ಇದೆ, ಮೆಟ್‌ಫಾರ್ಮಿನ್ ದಿನಕ್ಕೆ ಎರಡು. ಬೆಳಗ್ಗೆ ಎದ್ದ ತಕ್ಷಣ ಗ್ಯಾಸ್ ಮಾತ್ರೆ, ಅದೂ ಐದಾರು ವರ್ಷದಿಂದ. ಬಿಪಿ ಇಲ್ಲ. ಮೊಟ್ಟೆನೂ ಮುಟ್ಟುವುದಿಲ್ಲ. ಪಾದ ಜೋಮು ಹಿಡಿಯುತ್ತದೆ, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ ಅನ್ನುತ್ತಾರೆ. ಅದು ಶುಗರ್‌ಗೆ ಇರುವಂಥದ್ದೇ ಅಂತ ಬಿಟ್ಟಿದ್ದೇವೆ.

ದುಡ್ಡಿನ ಮುಖ ನೋಡುತ್ತಿಲ್ಲ, ಕೆಲಸ ಮಾಡುವ ಹಾಗಿದ್ದರೆ ಕೊಡಿಸೋಣ. ಇದರಲ್ಲಿ ಏನಾದರೂ ನಿಜ ಇದೆಯಾ?

ಮೆಡಿಕಲ್ ಶಾಪ್ ಹುಬ್ಬಳ್ಳಿ

ಮೊದಲು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಆಹಾರ ಪೂರಕ, ಔಷಧಿಯಾಗಿ ಬಳಸುವಂತಿಲ್ಲ ಅನ್ನುವ ಅರ್ಥದ ಸಾಲು ಇಂಗ್ಲಿಷಿನಲ್ಲಿ ಇರಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ಲೈಸೆನ್ಸ್ ನಂಬರ್ 14 ಅಂಕಿಯದು, ಅದೂ ಇರಬೇಕು. ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಸುಸ್ತು ವಾಸಿ ಮಾಡುತ್ತದೆ ಅಂತ ಸರ್ಕಾರ ಒಪ್ಪಿದೆ ಅಂತಲ್ಲ ರೀ. ಮಾರುವವರು ಆ ನಂಬರ್ ತೋರಿಸಿ "ಗವರ್ನಮೆಂಟ್ ಅಪ್ರೂವ್ಡ್" ಅನ್ನುತ್ತಾರೆ, ನಾನೇ ಕೌಂಟರ್‌ನಲ್ಲಿ ನಿಂತು ಎಷ್ಟು ಸಲ ಕೇಳಿದ್ದೇನೋ.

ಇನ್ನೊಂದು. ನಿಮ್ಮ ತಂದೆಗೆ ಅನ್ವಯಿಸಲಿಕ್ಕಿಲ್ಲ, ಆದರೆ ಓದುವ ಬೇರೆಯವರಿಗೆ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕೋಕ್ಯೂ10 ಶುರು ಮಾಡಬೇಡಿ. ವಾರ್ಫರಿನ್ ಕೆಲಸ ಕಮ್ಮಿ ಆಗಬಹುದು.

ಅಜ್ಜನ ಮೊಮ್ಮಗ

ಇದೆಲ್ಲ ಸುಮ್ನೆ. ನಮ್ಮಜ್ಜ 94 ವರ್ಷ ಬದುಕಿದರು, ರಾಗಿ ಮುದ್ದೆ, ಹುರುಳಿ ಸಾರು, ಅಷ್ಟೇ. ಯಾವ ಮಾತ್ರೆಯೂ ಇಲ್ಲ.

ಪಾಠದ ಮೇಷ್ಟ್ರು

ಮೊಮ್ಮಗ ಸಾಹೇಬರೇ, ನಿಮ್ಮಜ್ಜನ ಜೊತೆ ಅದೇ ಮುದ್ದೆ ತಿಂದು ಬೆಳೆದವರಲ್ಲಿ ಎಷ್ಟು ಜನ 50 ದಾಟಲಿಲ್ಲ ಅದನ್ನೂ ಎಣಿಸಬೇಕು ಅಲ್ವಾ. ಉಳಿದವರು ಮಾತ್ರ ಕಥೆಯಾಗುತ್ತಾರೆ.

ಡಿಗ್ರಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ, ಹಾಗಾಗಿ ಈ ಬ್ಯಾಟರಿ ಕಥೆಗೆ ಉತ್ತರ ಕೊಡದೆ ಇರಲು ಆಗುತ್ತಿಲ್ಲ. ಕಥೆ ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಅನ್ನುವ ಪುಟ್ಟ ಶಕ್ತಿಕೇಂದ್ರಗಳಿವೆ, ತಿಂದ ಅನ್ನ ಮತ್ತು ಉಸಿರಿನ ಆಮ್ಲಜನಕ ಅಲ್ಲಿ ಸೇರಿದಾಗ ಬರುವ ಶಕ್ತಿಯಿಂದ ಎಟಿಪಿ ಅನ್ನುವ ಇಂಧನ ತಯಾರಾಗುತ್ತದೆ, ಎಟಿಪಿ ಖರ್ಚಾದರೆ ಕೈಕಾಲು ಆಡುತ್ತದೆ. ಆದರೆ ಇದು ತುಂಬಿಸಿಟ್ಟುಕೊಳ್ಳುವ ಬ್ಯಾಟರಿ ಅಲ್ಲವೇ ಅಲ್ಲ. ಯಾವ ಕ್ಷಣದಲ್ಲಿ ನೋಡಿದರೂ ಮೈಯಲ್ಲಿ ಇರುವ ಎಟಿಪಿ ಸುಮಾರು 50 ಗ್ರಾಂ, ಒಂದು ಹಿಡಿ ಅವಲಕ್ಕಿಯಷ್ಟು. ಅದನ್ನೇ ಮುರಿದು, ಮತ್ತೆ ಕಟ್ಟಿ, ಮತ್ತೆ ಮುರಿದು, ದಿನಕ್ಕೆ ಹೆಚ್ಚುಕಮ್ಮಿ ನಮ್ಮ ಮೈತೂಕದಷ್ಟು ಎಟಿಪಿ ತಯಾರಿಸುತ್ತೇವೆ. ನಿಮ್ಮ ತಂದೆಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಇದು ಯುಪಿಎಸ್ ಅಲ್ಲ, ಲಿಂಗನಮಕ್ಕಿ ನೀರಿನಲ್ಲಿ ಶರಾವತಿಯ ಟರ್ಬೈನ್ ತಿರುಗಿದ ಹಾಗೆ. ಉಪಮೆಗಂತ ಹೇಳುತ್ತಿಲ್ಲ, ಎಟಿಪಿ ಕಟ್ಟುವ ಯಂತ್ರ ನಿಜವಾಗಿಯೂ ಗಿರಗಿರ ತಿರುಗುತ್ತದೆ. ಮೈಟೊಕಾಂಡ್ರಿಯಾದ ಒಳಪೊರೆಯ ಒಂದು ಕಡೆ ಪ್ರೋಟಾನ್‌ಗಳು ಅಣೆಕಟ್ಟಿನ ನೀರಿನ ಹಾಗೆ ಜಮೆಯಾಗಿ, ಆ ಯಂತ್ರದ ಮೂಲಕ ಇಳಿಯುವಾಗ ಅದನ್ನು ತಿರುಗಿಸುತ್ತವೆ. ಈ ಪ್ರೋಟಾನ್ ವಿಚಾರ ಹೇಳಿದ ಪೀಟರ್ ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು.

ಎಟಿಪಿ ಕಂಡುಹಿಡಿದವರಲ್ಲಿ ನಮ್ಮ ಪಕ್ಕದ ಆಂಧ್ರದ ಭೀಮವರಂನವರೂ ಒಬ್ಬರು, ಯಲ್ಲಾಪ್ರಗಡ ಸುಬ್ಬರಾವ್. 1929ರಲ್ಲಿ ಹಾರ್ವರ್ಡ್‌ನಲ್ಲಿ ಫಿಸ್ಕೆ ಜೊತೆ. ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಬೇರೆಯಾಗಿ ಕಂಡುಹಿಡಿದ. ಸುಬ್ಬರಾವ್ ಹೆಸರು ಕ್ಲಾಸಿನಲ್ಲಿ ಕೇಳಿದರೆ ಅರವತ್ತು ಹುಡುಗರಲ್ಲಿ ಒಬ್ಬರೂ ಕೈ ಎತ್ತುವುದಿಲ್ಲ, ಅದು ಬೇರೆ ಮಾತು.

ಈಗ ಡಬ್ಬಿಗೆ ಬರೋಣ. ಎನ್ಎಂಎನ್ ಅಂದರೆ ದೇಹ ಎನ್ಎಡಿ ತಯಾರಿಸಲು ಬಳಸುವ ಕಚ್ಚಾ ಸಾಮಾನು. ಎನ್ಎಡಿ ಅಂದರೆ ತಿಂದ ಅನ್ನದ ಶಕ್ತಿಯನ್ನು ಮುಂದೆ ಸಾಗಿಸುವ ವಸ್ತು. ಎನ್ಎಡಿ ಇಲ್ಲದೆ ಆ ಟರ್ಬೈನ್‌ವರೆಗೆ ಏನೂ ತಲುಪುವುದಿಲ್ಲ, ವಯಸ್ಸಾದಂತೆ ಅದು ಕಮ್ಮಿಯಾಗುತ್ತದೆ ಅನ್ನುವುದಕ್ಕೂ ಆಧಾರ ಇದೆ. ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿ ಬಂದಿದೆ. ಮನುಷ್ಯರಲ್ಲಿ? 2021ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯವರು ಮುಟ್ಟು ನಿಂತ, ಶುಗರ್ ಹೊಸ್ತಿಲಲ್ಲಿದ್ದ 25 ಹೆಂಗಸರ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ದಿನಕ್ಕೆ 250 ಮಿಲಿಗ್ರಾಂ ಎನ್ಎಂಎನ್, ಉಳಿದವರಿಗೆ ಸುಳ್ಳು ಮಾತ್ರೆ, 10 ವಾರ. ಸ್ನಾಯು ಇನ್ಸುಲಿನ್‌ಗೆ ಸ್ವಲ್ಪ ಚೆನ್ನಾಗಿ ಸ್ಪಂದಿಸಿತು. ತೂಕ ಇಳಿಯಲಿಲ್ಲ, ಬಿಪಿ ಇಳಿಯಲಿಲ್ಲ, ಸ್ನಾಯುವಿಗೆ ಬಲವೂ ಬರಲಿಲ್ಲ. ಮೆಟ್ಟಿಲು ಹತ್ತಲಾಗದ ಮನುಷ್ಯನಿಗೆ ಇದನ್ನು ತೋರಿಸಿ 4,200 ಕೇಳುವುದು ನನ್ನ ಮಟ್ಟಿಗೆ ಅನ್ಯಾಯ.

ರೆಸ್ವೆರಾಟ್ರಾಲ್ ಕಥೆ ಇನ್ನೂ ತಮಾಷೆ. ಅದು ದ್ರಾಕ್ಷಿ ಸಿಪ್ಪೆಯಲ್ಲಿರುವ ವಸ್ತು. ಇದರ ಬೆನ್ನು ಹತ್ತಿದ ಸರ್ಟ್ರಿಸ್ ಅನ್ನುವ ಕಂಪನಿಯನ್ನು 2008ರಲ್ಲಿ ಗ್ಲಾಕ್ಸೋದವರು 72 ಕೋಟಿ ಡಾಲರ್ ಕೊಟ್ಟು ಕೊಂಡರು. ಐದೇ ವರ್ಷದಲ್ಲಿ ಬಾಗಿಲು ಹಾಕಿದರು. ಅವರೇ ಕೈಬಿಟ್ಟದ್ದು ಈಗ ನಿಮ್ಮ ಅಣ್ಣನ ಬ್ಯಾಗಿನಲ್ಲಿ ಬಂದಿದೆ.

ಸರೋಜಮ್ಮ ಮೈಸೂರು

ಮೇಷ್ಟ್ರೇ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ನನಗೆ 66. ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ಶುರು ಮಾಡಿದ ಮೇಲೆ ತೊಡೆ ಹಿಂಡಿದ ಹಾಗೆ ನೋವು ಬರುತ್ತಿತ್ತು. ನಮ್ಮ ಡಾಕ್ಟರೇ ಕೋಕ್ಯೂ10 ಬರೆದುಕೊಟ್ಟರು, ನೋವು ಹೋಯಿತು.

ಪಾಠದ ಮೇಷ್ಟ್ರು

ಅಮ್ಮ, ನಿಮಗೆ ನೋವು ಹೋಗಿದ್ದರೆ ಒಳ್ಳೆಯದೇ, ಡಾಕ್ಟರು ಬರೆದದ್ದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಕೋಕ್ಯೂ10 ಅಂದರೆ ಮೈಟೊಕಾಂಡ್ರಿಯಾಗೆ ಬೇಕಾದ, ದೇಹವೇ ತಯಾರಿಸುವ ಒಂದು ವಸ್ತು. ಸ್ಟಾಟಿನ್ ತೆಗೆದುಕೊಂಡರೆ ರಕ್ತದಲ್ಲಿ ಅದು ಇಳಿಯುತ್ತದೆ, ನಿಜ. ಆದರೆ ಆ ನೋವಿಗೆ ಇದು ಉಪಯೋಗವೇ ಅಂತ ನೋಡಿದ ಪ್ರಯೋಗಗಳು ಒಂದು ಹೌದು ಅಂದರೆ ಇನ್ನೊಂದು ಇಲ್ಲ ಅನ್ನುತ್ತದೆ. ಹೃದಯದ ಪಂಪು ದುರ್ಬಲವಾದವರಲ್ಲಿ ಮಾತ್ರ ಪರವಾಗಿಲ್ಲ ಅನ್ನುವಂಥ ಫಲಿತಾಂಶ ಇದೆ. 2014ರಲ್ಲಿ ಬಂದ ಒಂದು ಪ್ರಯೋಗದಲ್ಲಿ 420 ರೋಗಿಗಳು, ಉಳಿದ ಔಷಧಿಗಳ ಜೊತೆಗೆ ದಿನಕ್ಕೆ 300 ಮಿಲಿಗ್ರಾಂ, ಎರಡು ವರ್ಷ. ಸಾವು ಕಮ್ಮಿಯಾಯಿತು. ಅದು ದಿನಕ್ಕೆ 300, ಈ ಡಬ್ಬಿಯದು ಮಾತ್ರೆಗೆ 50 ಅಂತ ಹಿಡಿದರೂ ದಿನಕ್ಕೆ ಎರಡು ಮಾತ್ರೆಗೆ 100. ಅಲ್ಲಿ ಹೃದಯ ರೋಗಿಗಳು, ಇಲ್ಲಿ ತೋಟದ ಯಜಮಾನರು.

ಲ್ಯಾಬ್ ಸಿಸ್ಟರ್

ಎಲ್ಲರೂ ಡಬ್ಬಿ ಓದುತ್ತಿದ್ದೀರಿ, ಯಜಮಾನರ ಬಗ್ಗೆ ಬರೆದದ್ದನ್ನು ಯಾರೂ ಓದಲಿಲ್ಲವಾ?

11 ವರ್ಷ ಮೆಟ್‌ಫಾರ್ಮಿನ್. ಐದಾರು ವರ್ಷ ಗ್ಯಾಸ್ ಮಾತ್ರೆ. ಮಾಂಸ ಮೊಟ್ಟೆ ಇಲ್ಲ. ಸುಸ್ತು. ಪಾದ ಜೋಮು, ಚಪ್ಪಲಿ ಬಿದ್ದದ್ದು ಗೊತ್ತಾಗುವುದಿಲ್ಲ. ತಂಗಿ, ನಿಮ್ಮ ತಂದೆಗೆ ಬಿ12 ಯಾವಾಗ ನೋಡಿಸಿದ್ದೀರಿ?

ಬಿ12 ನಮಗೆ ಸಿಗುವುದು ಮಾಂಸ, ಮೊಟ್ಟೆ, ಹಾಲು, ಮೊಸರಿನಿಂದ. ಸಸ್ಯಾಹಾರಿಗೆ ಉಳಿಯುವುದು ಹಾಲು ಮೊಸರು. ವಯಸ್ಸಾದಂತೆ ಹೊಟ್ಟೆ ಅದನ್ನು ಹೀರಿಕೊಳ್ಳುವುದು ಕಮ್ಮಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯುತ್ತದೆ, ಇದು ಚೆನ್ನಾಗಿ ಗೊತ್ತಿರುವ ವಿಷಯ. ಆಸಿಡ್ ತಗ್ಗಿಸುವ ಗ್ಯಾಸ್ ಮಾತ್ರೆ ಅದರ ಮೇಲೆ ಇನ್ನೊಂದು ಪೆಟ್ಟು. ನಾಲ್ಕೂ ಒಬ್ಬರಲ್ಲೇ ಸೇರಿದೆ. ಕಾಲಿನ ಜೋಮು ಶುಗರ್‌ನಿಂದಲೂ ಬರುತ್ತದೆ, ಬಿ12 ಕೊರತೆಯಿಂದಲೂ ಬರುತ್ತದೆ, ನೋಡಲು ಎರಡೂ ಒಂದೇ ಥರ. ಅದಕ್ಕೇ ಎಲ್ಲರೂ ಶುಗರ್ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಬಿ12 ಕೊರತೆ ತುಂಬಾ ದಿನ ಬಿಟ್ಟರೆ ನರದ ತೊಂದರೆ ಪೂರ್ತಿ ಹಿಂದೆ ಬರದೇ ಇರಬಹುದು, ಹಾಗಾಗಿ ಆರು ತಿಂಗಳ ಕೋರ್ಸ್ ಮುಗಿಸಿ ನೋಡೋಣ ಅನ್ನುವ ವಿಷಯ ಅಲ್ಲ ಇದು.

ಬಿ12 ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್ಎಚ್, ಕಿಡ್ನಿಗೆ ಕ್ರಿಯಾಟಿನಿನ್, ಮೂರು ತಿಂಗಳ ಶುಗರ್ ಇಷ್ಟನ್ನು ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವುದು, ಉಸಿರು ಕಟ್ಟುವುದು ಇದ್ದರೆ ಇಸಿಜಿ ಇಲ್ಲದೆ ಮನೆಗೆ ಬರಬೇಡಿ. ಶುಗರ್ ಇದ್ದವರಲ್ಲಿ ಹೃದಯದ ತೊಂದರೆ ಎದೆನೋವಿಲ್ಲದೆ ಬರೀ ಸುಸ್ತಾಗಿಯೂ ಕಾಣಿಸುತ್ತದೆ. ಮತ್ತೆ ಕೈ ಮುಗಿದು ಕೇಳುತ್ತೇನೆ, ಇದನ್ನು ಓದಿ ಮೆಟ್‌ಫಾರ್ಮಿನ್ ನಿಲ್ಲಿಸಿಬಿಡಬೇಡಿ.

ಮೇಷ್ಟ್ರೇ, ಬಿ12 ಮೈಟೊಕಾಂಡ್ರಿಯಾದಲ್ಲಿ ಕೆಲಸ ಮಾಡುತ್ತದೆ ತಾನೇ? ನರ್ಸಿಂಗ್‌ನಲ್ಲಿ ಓದಿದ ನೆನಪು.

ಪಾಠದ ಮೇಷ್ಟ್ರು

ಹೌದು ಸಿಸ್ಟರ್, ಅದರ ಎರಡು ಕೆಲಸದಲ್ಲಿ ಒಂದು ಅಲ್ಲೇ ನಡೆಯುತ್ತದೆ. ಕಬ್ಬಿಣ ಕೂಡ ಅಷ್ಟೇ, ರಕ್ತಕ್ಕೆ ಮಾತ್ರ ಅಂತ ತಿಳಿದುಕೊಂಡಿರುತ್ತೇವೆ, ಆ ಪ್ರೋಟಾನ್ ತಳ್ಳುವ ಸಾಲಿನ ತುಂಬ ಕಬ್ಬಿಣವೇ. ನಾನು ಇಷ್ಟುದ್ದ ಪಾಠ ಮಾಡಿ ಇದನ್ನೇ ಬಿಟ್ಟೆ, ನಾಚಿಕೆ ಆಯಿತು.

ಫಿಸಿಯೋ ದಾವಣಗೆರೆ

ಲ್ಯಾಬ್ ಸಿಸ್ಟರ್ ಹೇಳಿದ್ದು ಮೊದಲು. ಅದಾದ ಮೇಲೆ ನನ್ನದು.

ಒಂದು ಚಿಕ್ಕ ಪರೀಕ್ಷೆ ಇದೆ, ಮನೆಯಲ್ಲೇ ಮಾಡಿ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅಪ್ಪ ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 65ರಿಂದ 74ರ ಗಂಡಸರಿಗೆ 12ಕ್ಕಿಂತ ಕಮ್ಮಿ ಬಂದರೆ ಕಾಲು ಸೋತಿದೆ, ಬೀಳುವ ಭಯ ಇದೆ ಅಂತ ಲೆಕ್ಕ.

ಈಗ ಆ ಬ್ಯಾಟರಿ ವಿಷಯ. ಮೈಟೊಕಾಂಡ್ರಿಯಾ ಹೆಚ್ಚಿಸುವ ವಿಧಾನ ಒಂದು ಖಂಡಿತ ಗೊತ್ತಿದೆ, 1967ರಿಂದಲೂ ಗೊತ್ತಿದೆ. ಹಾಲೋಸಿ ಅನ್ನುವವರು ಇಲಿಗಳನ್ನು ವಾರಗಟ್ಟಲೆ ಓಡಿಸಿ ಅವುಗಳ ಸ್ನಾಯುವಿನ ಮೈಟೊಕಾಂಡ್ರಿಯಾ ಸಾಮರ್ಥ್ಯ ಎರಡರಷ್ಟು ಆಗಿದ್ದನ್ನು ತೋರಿಸಿದರು. ಇಲಿ ಬೇಡ ಅಂದರೆ 2017ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಮನುಷ್ಯರಲ್ಲಿ ನೋಡಿದ್ದಾರೆ, ತಂಡದ ಮುಖ್ಯಸ್ಥರು ಶ್ರೀಕುಮಾರನ್ ನಾಯರ್. 12 ವಾರ ಜೋರಾಗಿ ಸೈಕಲ್ ತುಳಿದು ನಡುವೆ ಬಿಡುವು ಕೊಡುವ ವ್ಯಾಯಾಮ. ಹುಡುಗರಲ್ಲಿ 49 ಪರ್ಸೆಂಟ್ ಏರಿತು. 65 ದಾಟಿದವರಲ್ಲಿ 69! ವಯಸ್ಸಾದವರಿಗೇ ಜಾಸ್ತಿ ಸಿಕ್ಕಿತು. ಹಾಗಂತ ನಾಳೆಯೇ ಅಪ್ಪನನ್ನು ಸೈಕಲ್ ಮೇಲೆ ಹತ್ತಿಸಬೇಡಿ, ಪಾದಕ್ಕೆ ಸ್ಪರ್ಶ ಇಲ್ಲದವರು ಮೊದಲು ಹುಷಾರಾಗಿ ನಿಲ್ಲುವುದು ಕಲಿಯಬೇಕು. ಕಾಲಿಗೆ ಹಿಂಬದಿ ಪಟ್ಟಿ ಇರುವ ಚಪ್ಪಲಿ ಕೊಡಿಸಿ, ರಾತ್ರಿ ಮಲಗುವ ಮುಂಚೆ ಪಾದ ತಿರುಗಿಸಿ ಗಾಯ ಇದೆಯಾ ನೋಡಿ.

ನನ್ನ ಹತ್ತಿರ ಬರುವ ಒಬ್ಬ ಅಜ್ಜಿ ಇದ್ದಾರೆ, 78. ಮೊದಲ ದಿನ ಕುರ್ಚಿಯಿಂದ ಏಳಲು ಸೊಸೆಯ ಕೈ ಬೇಕಿತ್ತು. ಎರಡು ದಿಂಬು ಹಾಕಿ ಸೀಟು ಎತ್ತರ ಮಾಡಿ ಏಳಿಸಿದೆ. ವಾರ ಬಿಟ್ಟು ಒಂದು ದಿಂಬು ತೆಗೆದೆ. ಆಮೇಲೆ ಇನ್ನೊಂದು. ಆಮೇಲೆ ಎರಡು ಕೈಗೂ ಒಂದೊಂದು ಸುಲಿದ ತೆಂಗಿನಕಾಯಿ, ಜುಟ್ಟು ಹಿಡಿದುಕೊಂಡು ಏಳುವುದು, ಡಂಬೆಲ್ ಅಂದರೆ ನಾಚಿಕೊಳ್ಳುತ್ತಾರೆ, ಕಾಯಿ ಅಂದರೆ ಎತ್ತುತ್ತಾರೆ. ಹೋದ ವಾರ ನನ್ನ ಮುಂದೆ ಹತ್ತು ಸಲ ಎದ್ದು, ಮುಗಿಸಿ, "ಇನ್ನೂ ಇದೆಯಾ" ಅಂತ ಕೇಳಿದರು. ಇದೇನು ನನ್ನ ಕೈಗುಣ ಅಲ್ಲ. 1990ರಲ್ಲೇ ಬೋಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 90 ವಯಸ್ಸಿನವರಿಗೆ ಎಂಟು ವಾರ ಭಾರ ಎತ್ತಿಸಿ ಕಾಲಿನ ಬಲ ಎರಡೂವರೆ ಪಟ್ಟು ದಾಟಿದ್ದನ್ನು ಬರೆದಿದ್ದಾರೆ.

ನಿಮ್ಮ ಮನೆಯಲ್ಲಿ ತೆಂಗಿನಕಾಯಿಗೆ ಬರವಿಲ್ಲ ಅಂದುಕೊಂಡಿದ್ದೇನೆ.

ಮೆಡಿಕಲ್ ಶಾಪ್ ಹುಬ್ಬಳ್ಳಿ

ಊಟದ ಬಗ್ಗೆಯೂ ಒಂದು ಮಾತು. ಮುದ್ದೆ ಜೊತೆ ತಿಳಿಸಾರು ಹಾಕಿಕೊಂಡು ಮುಗಿಸಿದರೆ ಸ್ನಾಯುವಿಗೆ ಹೆಚ್ಚೇನೂ ಸಿಗುವುದಿಲ್ಲ. ಬೇಳೆ, ಹುರುಳಿ, ಅವರೆಕಾಳು ತಳದಿಂದ ಸೌಟು ಹಾಕಿ ಬಡಿಸಿ. ಒಂದು ಲೋಟ ಹಾಲಿಗೆ ಆರೇಳು ಗ್ರಾಂ ಪ್ರೋಟೀನ್. 60 ಕೆಜಿ ಮನುಷ್ಯನಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಬೇಕು ಅನ್ನುವುದು ನಮ್ಮ ದೇಶದ ಲೆಕ್ಕ, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಇರಲಿ ಅನ್ನುವವರಿದ್ದಾರೆ. ಕಿಡ್ನಿ ರಿಪೋರ್ಟ್ ನೋಡಿಕೊಂಡು.

ತಿಪಟೂರಿನ ಮಗಳು

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಸಿಸ್ಟರ್, ನಿಮ್ಮ ಮೆಸೇಜ್ ಓದಿದ ಶನಿವಾರವೇ ಊರಿಗೆ ಹೋದೆ. ಬಿ12 ರಿಪೋರ್ಟ್ 118 ಬಂತು. ಪಕ್ಕದಲ್ಲಿ 200ರ ಮೇಲೆ ಇರಬೇಕು ಅಂತ ಇತ್ತು. ಹಿಮೋಗ್ಲೋಬಿನ್ 10.4. ಥೈರಾಯ್ಡ್, ಇಸಿಜಿ ಎಲ್ಲ ಸರಿ ಇದೆ. ಡಾಕ್ಟರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು ಗ್ಯಾಸ್ ಮಾತ್ರೆ ಯಾರು ಬರೆದಿದ್ದು ಅಂತ. ಹಳೆಯ ಚೀಟಿ ತೆಗೆದು ನೋಡಿದರೆ ಅದು 14 ದಿನಕ್ಕೆ ಬರೆದದ್ದು! ಅಪ್ಪ ಐದು ವರ್ಷ ನುಂಗಿದ್ದಾರೆ. ಅದನ್ನು ಬಿಡಿಸಿದರು. ಮೆಟ್‌ಫಾರ್ಮಿನ್ ಹಾಗೇ ಇದೆ. ಬಿ12 ಇಂಜೆಕ್ಷನ್ ಶುರುವಿನಲ್ಲಿ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಒಂದು, ಈಗ ತಿಂಗಳಿಗೆ ಒಂದು.

ಸುಸ್ತು ಮೂರನೇ ವಾರದಿಂದ ಕಮ್ಮಿ ಆಯಿತು. ಜೋಮು ಇನ್ನೂ ಇದೆ, ಸ್ವಲ್ಪ ಇಳಿದಿದೆ ಅನ್ನುತ್ತಾರೆ, ನನಗೇನೋ ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂತ ಅನುಮಾನ. ಕುರ್ಚಿ ಪರೀಕ್ಷೆ ಮೊದಲ ಸಲ 7 ಬಂತು. ಏಳನೆಯದಕ್ಕೆ ಕೈ ಊರಲು ನೋಡಿದರು, ಅಮ್ಮ "ಕಳ್ಳಾಟ, ಕಳ್ಳಾಟ" ಅಂತ ಕೂಗಿದರು. ಮೊನ್ನೆ 11. ದಾವಣಗೆರೆ ಸರ್, ಕಾಯಿ ಹಿಡಿದುಕೊಂಡು ಮಾಡಲಿಕ್ಕೆ ಯಾವಾಗ ಶುರು ಮಾಡಬಹುದು ಹೇಳಿ, ಅಪ್ಪನಿಗೆ ತುಂಬಾ ಅವಸರ ಇದೆ.

ಅಣ್ಣನಿಗೆ ಉಳಿದ ಐದು ಡಬ್ಬಿ ಬೇಡ ಅಂತ ಅಪ್ಪನೇ ಹೇಳಿದರು. ಅವನು "ಮೊದಲ ಡಬ್ಬಿ ಕೆಲಸ ಮಾಡಿದ್ದರಿಂದಲೇ ಚಿಕ್ಕಪ್ಪ ಇಷ್ಟು ಚುರುಕಾಗಿದ್ದಾರೆ" ಅಂತ ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾನೆ, ನಮ್ಮಪ್ಪನ ಫೋಟೋ ಅವನ ಸ್ಟೇಟಸ್‌ನಲ್ಲಿ ಎರಡು ದಿನ ಇತ್ತು. ಮಾತ್ರೆ ಅರ್ಧಕ್ಕೇ ನಿಲ್ಲಿಸಿದ್ದು. ಮಿಕ್ಕಿದ್ದನ್ನು ಬಿಸಾಕಿ ಅಪ್ಪ ಆ ಡಬ್ಬಿಯಲ್ಲಿ ಫ್ಯೂಸ್ ವೈರ್ ಸುತ್ತಿಟ್ಟುಕೊಂಡಿದ್ದಾರೆ.